ನೀಲವ್ವನ ಮನೆಯ ಹೊಸ ಗಾದಿ

ದೆವ್ವ, ಪೀಡೆ, ಮೈಮೇಲೆ ಬರುವುದು, ಇಂಥ ಮಾತು ಎತ್ತಿದವರ ಜೊತೆ ನಾನು ಜಗಳ ಆಡಿದ್ದೇನೆ. ವಾದವಲ್ಲ, ಜಗಳವೇ. ನಮ್ಮ ಶಾಲೆಯ ಟೀಚರೊಬ್ಬರು ತಮ್ಮ ನಾದಿನಿಯ ಮೈಮೇಲೆ ಸತ್ತ ಅತ್ತೆ ಬಂದು ಮಾತಾಡಿದ ಕಥೆಯನ್ನು ಕಣ್ಣರಳಿಸಿ ಹೇಳುತ್ತಿದ್ದಾಗ, ಅತ್ತೆ ಬದುಕಿದ್ದಾಗ ಬಾಯಿ ಬಿಡಲಾಗದ್ದನ್ನೆಲ್ಲ ನಿಮ್ಮ ನಾದಿನಿ ಈಗ ಅತ್ತೆಯ ಹೆಸರಲ್ಲಿ ಆಡಿ ತೀರಿಸಿಕೊಂಡಿದ್ದಾಳೆ ಬಿಡಿ ಎಂದುಬಿಟ್ಟೆ. ಆಕೆ ದಸರಾ ರಜೆ ಬರುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ನಾನು ದೈಹಿಕ ಶಿಕ್ಷಣದ ಮೇಡಂ. ಹುಡುಗಿಯರಿಗೆ ಕಬಡ್ಡಿ ಆಡಿಸುವವಳು. ಮೈ ಎಂದರೆ ಮೂಳೆ, ಮಾಂಸ, ಉಸಿರು. ಇನ್ನೊಬ್ಬರು ಬಂದು ಬಾಡಿಗೆಗೆ ಇರಲು ಅದರಲ್ಲಿ ಖಾಲಿ ಕೋಣೆ ಇಲ್ಲ ಎಂದು ನಂಬಿದ್ದೆ. ಈಗಲೂ ದೆವ್ವ ಇದೆ ಅಂತ ಹೇಳಲಾರೆ. ಆದರೆ ಜಗಳ ಆಡುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂಬುದನ್ನು ನಡೆದಂತೆಯೇ ಬರೆಯುತ್ತೇನೆ. ನಿಮಗೆ ಏನಾದರೂ ಹೊಳೆದರೆ ನನಗೂ ಹೇಳಿ.

ಕೆಲವು ವರ್ಷಗಳ ಹಿಂದಿನ ಬೇಸಿಗೆ ರಜೆ. ತಿಪಟೂರಿನಿಂದ ವಿಜಯಪುರದವರೆಗೆ ಒಬ್ಬಳೇ ಸೈಕಲ್ ತುಳಿದುಕೊಂಡು ಹೋಗುತ್ತೇನೆ ಎಂದಾಗ ಅಮ್ಮ, ನಿನಗೇನು ಹುಚ್ಚುನಾಯಿ ಕಡಿದಿದೆಯಾ ಎಂದು ಕೇಳಿದಳು. ಕಡಿದದ್ದು ಆಮೇಲೆ. ಹೆದ್ದಾರಿಯ ಲಾರಿಗಳ ಕಾಟಕ್ಕೆ ಬೇಸತ್ತು ಹುಬ್ಬಳ್ಳಿ ದಾಟಿದ ಮೇಲೆ ಒಳದಾರಿ ಹಿಡಿದೆ. ನರಗುಂದ, ರೋಣ, ಗಜೇಂದ್ರಗಡ, ಅಲ್ಲಿಂದ ಮುಂದೆ ಇಳಕಲ್ ಎಂದು ನನ್ನ ಲೆಕ್ಕ. ನಸುಕಿನಲ್ಲಿ ಹೊರಟು ಬಿಸಿಲೇರುವ ಹೊತ್ತಿಗೆ ಎಲ್ಲಾದರೂ ನೆರಳು ಸೇರಿಬಿಡುತ್ತಿದ್ದೆ. ಎರೆ ಭೂಮಿಯ ಬಿಸಿಲು ಕೆನ್ನೆಗೆ ಹೊಡೆದಂತೆ ಹೊಡೆಯುತ್ತದೆ.

ಆ ಸೀಮೆಯ ಜನರ ಆದರ ಹೇಗಿರುತ್ತದೆ ಎಂದು ತಿಳಿಯದವರಿಗೆ ಹೇಳುತ್ತೇನೆ, ಅದು ಒಂದು ಬಗೆಯ ದಾಳಿ. ನರಗುಂದದಲ್ಲಿ ನನ್ನ ಸೈಕಲ್ ಚೀಲದ ಪಟ್ಟಿ ಕಿತ್ತುಹೋಗಿ ಒಬ್ಬ ಮುಸಲ್ಮಾನ ದರ್ಜಿಯ ಅಂಗಡಿ ಮುಂದೆ ನಿಂತೆ. ಆತ ಪಟ್ಟಿ ಹೊಲಿಯುವಷ್ಟರಲ್ಲಿ ಆತನ ಹೆಂಡತಿ ನನ್ನ ರಟ್ಟೆ ಹಿಡಿದು ಒಳಗೆ ಎಳೆದೊಯ್ದಿದ್ದಳು. ಸಾಕು ಎಂದರೆ ಬಡಿಸುತ್ತಾಳೆ, ಬೇಡ ಎಂದರೆ ಬಡಿಸುತ್ತಾಳೆ. ಹೊಟ್ಟೆ ತುಂಬ ಉಣ್ಣದೆ ಎದ್ದರೆ ಸೈಕಲ್ಲಿನ ಗಾಳಿ ಬಿಡುತ್ತೇನೆ ಎಂದು ಹೆದರಿಸಿದಳು. ಹೊಳೆ ನೋಡುವ ಆಸೆಗೆ ಮೆಣಸಗಿಗೆ ಹೋದರೆ ಅಲ್ಲೊಬ್ಬ ಅಜ್ಜ ಗೋಡೆಯ ಮೇಲೆ ಮಲಪ್ರಭೆ ಏರಿದ ಗುರುತು ತೋರಿಸುತ್ತ, ಕೊಚ್ಚಿಹೋದ ಎತ್ತುಗಳ ಹೆಸರು ಹೇಳುತ್ತ, ತಂಬಿಗೆಗಟ್ಟಲೆ ಮಜ್ಜಿಗೆ ಕುಡಿಸಿದ. ರೋಣದಲ್ಲಿ ಚಹಾ ಕುಡಿಯಲು ನಿಂತಾಗ ಅಂಗಡಿಯ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಹೆಣಾ ಎತ್ಲಿ, ಒಬ್ಬಾಕೀನ ಬಂದೀಯೇನ" ಎಂದಳು. ನನಗೆ ರೇಗಿ ಹೋಯಿತು. ನಾನೂ ನಾಲ್ಕು ಮಾತು ಒಗೆದೆ. ಪಕ್ಕದಲ್ಲಿದ್ದವರು ನಕ್ಕು, ಅದು ಬೈಗುಳ ಅಲ್ರಿ, ಆಕೆಗೆ ನಿಮ್ಮ ಮೇಲೆ ಜೀವ ಬಂದಿದೆ ಎಂದು ಬಿಡಿಸಿ ಹೇಳಿದರು. ಪ್ರೀತಿ ಬಂದರೆ ಹೆಣ ಎತ್ತುವ, ಬಾಯಿಗೆ ಮಣ್ಣು ಹಾಕುವ ಜನರ ನಡುವೆ ಇದ್ದೇನೆ ಎಂದು ಅರ್ಥವಾದ ಮೇಲೆ ಆ ಮಾತುಗಳಿಗಾಗಿ ಕಾಯುವಂತಾದೆ.

ಲಕ್ಕಲಕಟ್ಟಿ ದಾಟಿದ ಮೇಲೆ ಕುರಿ ಕಾಯುವ ನಾಯಿಗಳು ನನ್ನ ಮೈಮೇಲೆ ಬಿದ್ದವು. ಕುರುಬರು ಎಲ್ಲೋ ದೂರ ಇದ್ದರು. ಸೈಕಲ್ ಅಡ್ಡ ಹಿಡಿದು ಬಯ್ಯುತ್ತ ನಿಂತೆ, ಅಷ್ಟರಲ್ಲಿ ಒಂದು ಹಿಂದಿನಿಂದ ಬಂದು ಮೀನಖಂಡಕ್ಕೆ ಬಾಯಿ ಹಾಕಿತು. ಆಗ ಬೈಕಿನಲ್ಲಿ ಬಂದವನು ಶೇಖಪ್ಪ. ಮೂವತ್ತೈದು ದಾಟಿದ ರೈತ, ಕಡಿಮೆ ಮಾತಿನವನು, ಸಲಿಕೆಯಂಥ ಕೈಗಳು. ಬೈಕಿಗೆ ಕಟ್ಟಿದ್ದ ಗುದ್ದಲಿ ಕಾವು ಎಳೆದುಕೊಂಡು ಕಡಿದ ನಾಯಿಗೆ ಹೊಡೆದ. ಅದು ಬಿತ್ತು. ಬಿದ್ದ ಮೇಲೂ ಹೊಡೆದ. ಅದು ಕುಂಯ್ಗುಡುವುದು ನಿಂತ ಮೇಲೂ ಹೊಡೆಯುತ್ತಿದ್ದ. ಸಾಕು ಬಿಡ್ರೀ ಎಂದು ನಾನೇ ಕೂಗಬೇಕಾಯಿತು. ಕಾವು ಒಗೆದು ಬಂದು, ನನ್ನ ಕಾಲಿನ ರಕ್ತವನ್ನು ನೀರು ಹಾಕಿ ತೊಳೆದ. ಅದೇ ಕೈ, ಎಷ್ಟು ಮೆತ್ತಗೆ ತೊಳೆಯಿತೆಂದರೆ ನನಗೆ ಅಳು ಬಂತು. ಸೈಕಲ್ಲನ್ನು ಹತ್ತಿರದ ಹೊಲದ ಗುಡಿಸಲಲ್ಲಿ ಬಿಟ್ಟು, ನನ್ನನ್ನು ಗಜೇಂದ್ರಗಡದ ದವಾಖಾನೆಗೆ ಕರೆದೊಯ್ದು ಸೂಜಿ ಹಾಕಿಸಿ, ತನ್ನ ಮನೆಗೆ ತಂದು ತಾಯಿಯ ಮುಂದೆ ಇಳಿಸಿದ. ಅವನ ಊರು ಮುಶಿಗೇರಿ ಕಡೆ. ಊರ ಹೆಸರು ಹೇಳುವುದಿಲ್ಲ. ಆ ಮನೆಯವರ ಹೆಸರುಗಳನ್ನೂ ಬದಲಿಸಿದ್ದೇನೆ.

ತಾಯಿ ನೀಲವ್ವ, ಒಣಗಿದ ತೊಗರಿ ಕಟ್ಟಿಗೆಯಂಥ ಎತ್ತರದ ಹೆಂಗಸು. ನನ್ನ ಕಾಲು ನೋಡಿ, ನಾಯಿ ತಿಂದದ್ದು ಕಾಲಿನ ಮಾಂಸ ತಾನೆ, ರೊಟ್ಟಿ ತಿನ್ನುವ ಬಾಯಿ ಚೆನ್ನಾಗಿದೆಯಲ್ಲ ಎಂದು ಗದರಿಸಿ ಒಳಗೆ ಕರೆದಳು. ಶೇಖಪ್ಪನ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಮನೆಯಲ್ಲಿ ತಾಯಿ ಮಗ ಇಬ್ಬರೇ. ನಾನು ಟೀಚರು ಎಂದು ತಿಳಿದದ್ದೇ ಶೇಖಪ್ಪ ಆ ಕಡೆಯವರಂತೆ ನನ್ನನ್ನು ಅಕ್ಕಾರ ಎಂದು ಕರೆಯತೊಡಗಿದ. ಸೈಕಲ್ಲನ್ನು ತಾನೇ ಹೋಗಿ ತಂದು, ಚೈನಿಗೆ ಎಣ್ಣೆ ಬಿಟ್ಟು, ನನ್ನ ಬೆವರಿನ ಬಟ್ಟೆಗಳನ್ನೂ ಒಗೆಯಲು ಹೊರಟಿದ್ದ. ನಾನು ಕಿತ್ತುಕೊಂಡೆ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ನೀಲವ್ವ ನನ್ನ ಎದುರು ಕೂತು ಪ್ರತಿ ತುತ್ತನ್ನೂ ಕಣ್ಣಲ್ಲೇ ಎಣಿಸಿದಳು.

ಆ ಸಂಜೆ ಆಕೆ ತನ್ನ ಹಿರಿಮಗನ ವಿಷಯ ಹೇಳಿದಳು. ಹೆಸರು ಈರಪ್ಪ. ಚಿಕ್ಕಂದಿನಿಂದ ದಮ್ಮಿನ ಕಾಯಿಲೆ, ಅದಕ್ಕೇ ಮದುವೆಯಾಗಲಿಲ್ಲ. ಒಂದೇ ತಾಟಿನಲ್ಲಿ ಉಂಡು ಬೆಳೆದ ಅಣ್ಣತಮ್ಮಂದಿರು ಹೊಲ ಪಾಲು ಮಾಡುವ ಮಾತಿಗೆ ಕೆಟ್ಟರು. ಒಮ್ಮೆ ಹೊಲದಲ್ಲೇ ಹೊಡೆದಾಡಿ, ಊರವರು ಬಂದು ಬಿಡಿಸಬೇಕಾಯಿತು. ಆಮೇಲೆ ಒಂದೇ ಸೂರಿನ ಕೆಳಗಿದ್ದೂ ಮಾತಿಲ್ಲ, ಕಥೆಯಿಲ್ಲ. ಹಾಗಿರುವಾಗಲೇ ಒಂದು ಮಧ್ಯಾಹ್ನ ಈರಪ್ಪ ಮಲಗಿದಲ್ಲೇ ಸತ್ತಿದ್ದ. ಆಕೆ ಹತ್ತಿ ಬಿಡಿಸಲು ಹೋಗಿದ್ದಳು, ಶೇಖಪ್ಪ ನರಗುಂದಕ್ಕೆ ಹೋಗಿದ್ದ. ಡಾಕ್ಟರು ದಮ್ಮು ಹೆಚ್ಚಾಗಿ ಹೋದ ಎಂದರು. ಇದನ್ನೆಲ್ಲ ಆಕೆ ಅಳದೆ ಹೇಳಿದಳು. ಹೇಳುವಾಗ ಹೊರಗೆ ದನ ಕಟ್ಟುತ್ತಿದ್ದ ಶೇಖಪ್ಪನ ಕಡೆ ಆಗಾಗ ನೋಡುತ್ತಿದ್ದಳು. ಆ ನೋಟ ನನಗೆ ಅಷ್ಟು ಸರಿ ಕಾಣಲಿಲ್ಲ. ಆದರೆ ಬಂದವರು ಉಂಡು ಸುಮ್ಮನಿರಬೇಕು, ಮನೆಯೊಳಗಿನ ಗುಟ್ಟು ಕೆದಕಬಾರದು ಎಂದು ನಾನೂ ಸುಮ್ಮನಾದೆ.

ಮರುದಿನ ಹೊರಡಲು ಬಿಡಲಿಲ್ಲ. ಸೂಜಿಯಿಂದಲೋ ಬಿಸಿಲಿನಿಂದಲೋ ನನಗೆ ಸ್ವಲ್ಪ ಜ್ವರವೂ ಇತ್ತು. ಇದನ್ನು ಮುಚ್ಚಿಡುವುದಿಲ್ಲ; ಜ್ವರ ಇತ್ತು ಎಂಬುದನ್ನು ನೀವು ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಳಿಗ್ಗೆ ಗಾದಿ ಮಾಡುವ ಹುಸೇನಸಾಬ ಬಂದ. ಐವತ್ತು ದಾಟಿದ ನದಾಫ, ಆ ಮನೆಗೆ ಹಳೆಯ ಬಳಕೆಯವನು, ನೀಲವ್ವನನ್ನು ಯಕ್ಕಾ ಎಂದು ಕರೆಯುವವನು. ಹಿಂದೆಲ್ಲ ಹತ್ತಿ ಹಿಂಜುವ ಬಿಲ್ಲು ಹೊತ್ತು ಬರುತ್ತಿದ್ದನಂತೆ, ಈಗ ಗೂಡ್ಸ್ ಗಾಡಿಯಲ್ಲಿ ಅದರ ಯಂತ್ರ ಇಟ್ಟುಕೊಂಡು ಮನೆಮನೆಗೆ ಬರುತ್ತಾನೆ. ಸೊಸೆ ಕೂಸು ಎತ್ತಿಕೊಂಡು ಬರುವ ಹೊತ್ತಿಗೆ ಬೀಗರೆಲ್ಲ ಬರುತ್ತಾರೆ, ಅದಕ್ಕೆ ಗಾದಿ ಬೇಕು. ನೀಲವ್ವ ಅಟ್ಟದಿಂದ ಹಳೆಯ ಗಾದಿ ಇಳಿಸಿ ಕೊಟ್ಟಳು. ಹುಸೇನಸಾಬ ಹೊಲಿಗೆ ಬಿಚ್ಚಿ, ಗಡ್ಡೆಗಟ್ಟಿದ ಹತ್ತಿಯನ್ನು ಯಂತ್ರಕ್ಕೆ ತುರುಕಿದ. ಅದು ಗರಗರ ಎಂದು ಹರಿದು ಚೂರು ಮಾಡಿ ಉಗುಳುತ್ತಿತ್ತು. ಅಂಗಳದ ತುಂಬ ಹತ್ತಿಯ ಧೂಳು. ನನಗೆ ತಲೆ ಸಿಡಿಯುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಮೊದಲ ಗಾದಿ ಮುಗಿಯಿತು. ನೀಲವ್ವ ಅದನ್ನು ಪಡಸಾಲೆಯಲ್ಲಿ ಹಾಸಿ ನನ್ನನ್ನು ಮಲಗಲು ಕರೆದಳು. ಮೊದಲು ನೀವೇ ಮಲಗಿ ಎಂದೆ. ಆಕೆಗೆ ಗಾಬರಿಯೇ ಆಯಿತು. ಹೊಸ ಗಾದಿಯ ಮೇಲೆ ಮೊದಲು ಬೀಗರು ಬಿಜ್ಜರು ಮಲಗಬೇಕು, ಮನೆಯವರು ಮಲಗಿದರೆ ಮನೆಗೆ ಬರುವ ಮಂದಿ ಕಡಿಮೆಯಾಗುತ್ತಾರೆ ಎಂಬುದು ಆ ಮನೆಯ ನಂಬಿಕೆ. ನಾನು ನಗುತ್ತಲೇ ಮಲಗಿದೆ. ಶೇಖಪ್ಪ ನನ್ನ ಊದಿದ ಕಾಲಿಗೆ ಐಸು, ಅವರ ಮಾತಲ್ಲಿ ಬರ್ಫ, ತರುತ್ತೇನೆಂದು ಗಜೇಂದ್ರಗಡಕ್ಕೆ ಹೋಗಿದ್ದ. ಯಂತ್ರ ನಿಂತಿತ್ತು. ಅಂಗಳದಲ್ಲಿ ಹುಸೇನಸಾಬ ಎರಡನೆಯ ಗಾದಿಗೆ ಡಬ್ಬಣ ಹಾಕುತ್ತಿದ್ದ. ಬಾಗಿಲಿನಿಂದ ಬಿಸಿಲು ಒಳಗೆ ಬಿದ್ದಿತ್ತು. ದೆವ್ವದ ಕಥೆಗೆ ಬೇಕಾದ ಕತ್ತಲೆ, ಗೂಬೆ ಯಾವುದೂ ಅಲ್ಲಿರಲಿಲ್ಲ.

ಆಮೇಲೆ ನಡೆದದ್ದರಲ್ಲಿ ನನಗೆ ನೆನಪಿರುವುದು ಸ್ವಲ್ಪವೇ. ಉಸಿರು ಕಟ್ಟಿತು. ಕಬಡ್ಡಿ ಆಡಿಸಿ ಆಡಿಸಿ, ಉಸಿರು ಮುಗಿಯುವುದೆಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು. ಇದು ಹಾಗಿರಲಿಲ್ಲ. ಎದೆ ತುಂಬಿಕೊಂಡೇ ಇತ್ತು, ತುಂಬಿದ್ದು ಹೊರಗೆ ಹೋಗಲೊಲ್ಲದು. ನನ್ನ ಮುಷ್ಟಿಯಲ್ಲಿ ಯಾರದೋ ಮಣಿಕಟ್ಟು ಇತ್ತು. ದಪ್ಪ ಮಣಿಕಟ್ಟು, ಬೆವತದ್ದು. ಮುಖ ಕಾಣಲಿಲ್ಲ. ಆ ಕೈಯನ್ನು ನಾನು ಹಿಡಿದುಕೊಂಡಿದ್ದೆನೋ ದೂಡುತ್ತಿದ್ದೆನೋ ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೆ. ಗೊತ್ತಿಲ್ಲ. ಬಲ ಹಾಕುತ್ತಿದ್ದೆ ಎಂಬುದಷ್ಟೇ ಗೊತ್ತು.

ಕಣ್ಣು ಬಿಟ್ಟಾಗ ಗೋಡೆಗೆ ಒರಗಿ ಕೂತಿದ್ದೆ. ಅಂಗಿಯ ಕುತ್ತಿಗೆ ಹರಿದಿತ್ತು, ಗಂಟಲಿನ ಮೇಲೆ ನನ್ನದೇ ಉಗುರಿನ ಗೀರುಗಳು. ಹೊಸಿಲಲ್ಲಿ ನೀಲವ್ವ ನಿಂತಿದ್ದಳು. ಕಾಲ ಬಳಿ ಮಜ್ಜಿಗೆ ತಂಬಿಗೆ ಉರುಳಿತ್ತು. ಆಕೆಯ ಹಿಂದೆ ಹುಸೇನಸಾಬ, ಕೈಯಲ್ಲಿ ಡಬ್ಬಣ ಹಿಡಿದುಕೊಂಡೇ ಓಡಿ ಬಂದಿದ್ದ.

"ಏನಂದಿ ನೀ?" ನೀಲವ್ವ ಕೇಳಿದಳು.

ನಾನೇನೂ ಅನ್ನಲಿಲ್ಲ ಎಂದೆ.

"ಅಂದಿ. ಶೇಕ್ಯಾ, ಉಸರ ಆಡವಲ್ದೋ, ಕೈ ಬಿಡೋ ಅಂದಿ."

ನಾನು ತಿಪಟೂರಿನವಳು. ನಿದ್ದೆಯಲ್ಲಿ ಕನವರಿಸಿದರೂ, ಉಸಿರಾಡೋಕೆ ಆಗ್ತಿಲ್ಲ ಎಂದೇ ಕನವರಿಸುತ್ತೇನೆ. ಆಡವಲ್ದು ಎಂಬ ಮಾತನ್ನು ಅಣಕಿಸುವುದಕ್ಕೂ ನಾನು ಆಡಿದವಳಲ್ಲ. ಇನ್ನು ಶೇಕ್ಯಾ. ಮನೆಗೆ ಬಂದುಹೋಗುವವರೆಲ್ಲ ಅವನನ್ನು ಶೇಖಪ್ಪ ಎನ್ನುತ್ತಿದ್ದರು, ತಾಯಿಯೂ ಸಹ. ನಾನು ಕೇಳಿದ್ದು ಅದೊಂದೇ ಹೆಸರು. ಶೇಕ್ಯಾ ಎಂದು ಕರೆಯುತ್ತಿದ್ದವನು ಈರಪ್ಪ ಒಬ್ಬನೇ ಎಂದು ಆಮೇಲೆ ಹುಸೇನಸಾಬ ಹೇಳಿದ. ದನಿ ಯಾರದ್ದಿತ್ತು ಎಂದೂ ಅವನನ್ನು ಕೇಳಿದ್ದೇನೆ. ನಿಮ್ಮದೇ ದನಿ, ಮಾತು ಮಾತ್ರ ನಮ್ಮ ಕಡೆಯದು ಎಂದ.

ಆಗ ಹುಸೇನಸಾಬನ ಕಣ್ಣು ಗಾದಿಯ ಮೇಲೆ ಬಿತ್ತು.

"ಯಕ್ಕಾ, ಇದು ಯಾರ ಗಾದಿ ಹತ್ತಿ? ಮುಂಜಾನಿ ಕೇಳಿದ್ರ ಅಟ್ಟದ ಮ್ಯಾಲಿನ ಹಳೇ ಗಾದಿ ಅಂದಿ."

"ಈರಪ್ಪಂದು."

"ಹಳ್ಳಕ್ಕ ಹಾಕಿಲ್ಲೇನು?"

"ನನ್ನ ಹೊಲದ ಹತ್ತಿ. ನನ್ನ ಮಗನ ಮೈ ಬಿಸಿ ಹತ್ತಿದ್ದು. ಹ್ಯಾಂಗ ಒಗೀಲೋ ಹಳ್ಳಕ್ಕ?"

ಆ ಕಡೆ ಯಾರಾದರೂ ತೀರಿಕೊಂಡರೆ ಅವರು ಮಲಗಿದ ಹಾಸಿಗೆಯನ್ನು ಊರ ಹೊರಗಿನ ಹಳ್ಳಕ್ಕೆ ಹಾಕಿ ಬರುತ್ತಾರೆ. ಸತ್ತವರ ಗಾದಿಯನ್ನು ನದಾಫರು ಹಿಂಜುವುದಿಲ್ಲ, ಅದಕ್ಕೇ ಹಳೆಯ ಹತ್ತಿ ಬಂದರೆ ಯಾರದೆಂದು ಕೇಳುವುದು. ಈಕೆಯೂ ಎಲ್ಲರ ಎದುರು ಒಂದು ಚಾಪೆ, ಒಂದು ಹರಕು ಕೌದಿ ಹಳ್ಳಕ್ಕೆ ಹಾಕಿಸಿ, ಗಾದಿಯನ್ನು ಮಾತ್ರ ಅಟ್ಟದಲ್ಲಿ ಬಚ್ಚಿಟ್ಟಿದ್ದಳು. ತಾಯಿ ಜೀವ, ಒಗೆಯಲು ಕೈ ಬಂದಿರಲಿಲ್ಲ. ಬರುವ ನೆಂಟರು ಮಲಗಲಿ, ಮಗನ ಗಾದಿ ನಾಲ್ಕು ಜನರ ಮೈಗೆ ಆಗಲಿ ಎಂದುಕೊಂಡಿದ್ದಳೋ ಏನೋ. ನನಗೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ, ಈಗಲೂ ಬರುವುದಿಲ್ಲ.

ನಾನು ಅದು ಜ್ವರದ ಕನವರಿಕೆ ಇರಬೇಕು ಎಂದು ತಡವರಿಸುತ್ತಿದ್ದೆ. ನೀಲವ್ವ ಕೇಳಿಸಿಕೊಳ್ಳಲಿಲ್ಲ. ಆಕೆ ಎಷ್ಟೋ ದಿನದಿಂದ ಒಳಗೇ ಇಟ್ಟುಕೊಂಡು ಕೊಳೆಸಿದ್ದ ಸಂಶಯಕ್ಕೆ ಅವತ್ತು ನನ್ನ ಬಾಯಿ ಸಿಕ್ಕಿತ್ತು. ಹೊರಗೆ ಬೈಕಿನ ಸದ್ದಾಯಿತು. ಶೇಖಪ್ಪ ಗೋಣಿಚೀಲದಲ್ಲಿ ಬರ್ಫದ ಗಡ್ಡೆ ಹೊತ್ತು ಒಳಗೆ ಬಂದ. ನನ್ನ ಹರಿದ ಅಂಗಿ ನೋಡಿ, ಏನಾಯ್ತ್ರಿ ಅಕ್ಕಾರ ಎಂದು ಚೀಲ ಇಳಿಸಿದ.

ನೀಲವ್ವ ಕೇಳಿದಳು, "ಅಣ್ಣ ಸತ್ತ ದಿನ ನೀ ಎಲ್ಲಿದ್ದಿ?"

"ನರಗುಂದದಾಗ. ನಿನಗ ಗೊತ್ತಿಲ್ಲೇನವ್ವ?"

ಅಷ್ಟು ಹೇಳಿ ಅವನು ಗಾದಿಯ ಕಡೆ ನೋಡಿದ. ಹಳೆಯ ಗಾದಿಯ ಮೇಲ್ಬಟ್ಟೆ ಅಂಗಳದಲ್ಲಿ ಬಿಚ್ಚಿ ಬಿದ್ದಿತ್ತು, ಅದನ್ನೂ ನೋಡಿದ. ಅವನಿಗೆ ಗುರುತು ಸಿಕ್ಕಿತು. ಗಾದಿಯಿಂದ ಒಂದು ಹೆಜ್ಜೆ ಹಿಂದೆ ಸರಿದ. ತಾಯಿಗೆ ಅಷ್ಟೇ ಸಾಕಾಯಿತು. ಗೋಡೆಯ ಗೂಟಕ್ಕೆ ಸಿಕ್ಕಿಸಿದ್ದ ಕುಡಗೋಲು ಆಕೆಯ ಕೈಗೆ ಯಾವಾಗ ಬಂತೋ ನಾನು ನೋಡಲಿಲ್ಲ.

"ಯಾವ ಕೈಲೆ ಒತ್ತಿದಿ ಅವನ ಕುತಗಿ?"

ಮೊದಲ ಏಟು ಬಲಗೈ ಮಣಿಕಟ್ಟಿಗೆ ಬಿತ್ತು. ಕುಡಗೋಲಿನಿಂದ ಹೊಡೆದದ್ದಲ್ಲ, ಮೇವು ಕೊಯ್ಯುವಂತೆ ಎಳೆದಳು. ರಕ್ತ ಗೋಡೆಗೆ ಹಾರಿತು. ಎರಡನೆಯದು ಭುಜಕ್ಕೆ. ನಾಯಿಯನ್ನು ಹಾಗೆ ಬಡಿದ ಆ ಗಂಡಸು ಇನ್ನೊಂದು ಕೈಯನ್ನೂ ಎತ್ತಲಿಲ್ಲ. ನಿಂತೇ ಇದ್ದ, ಹೊಡೆಸಿಕೊಳ್ಳಲು ಬಂದವನಂತೆ. ಹುಸೇನಸಾಬ ಬಾಗಿಲಲ್ಲಿ ಕೂಗುತ್ತಿದ್ದ, "ಯಕ್ಕಾ, ಹಂಗಲ್ಲ. ಕೈ ಬಿಡಬ್ಯಾಡೋ ಅಂದದ್ದು. ನಾ ಕಿವಿಯಾರ ಕೇಳೀನಿ, ಬಿಡಬ್ಯಾಡೋ ಅಂದದ್ದು."

ನೋಡಿ, ಒಬ್ಬ ಮನುಷ್ಯನ ಜೀವ ಎಲ್ಲಿಗೆ ಬಂದು ನಿಂತಿತ್ತು ಎಂದು. ಕೈ ಬಿಡೋ ಎಂದಿದ್ದರೆ ಅವನು ಅಣ್ಣನ ಕುತ್ತಿಗೆ ಒತ್ತಿದವನು. ಕೈ ಬಿಡಬ್ಯಾಡೋ ಎಂದಿದ್ದರೆ ಸಾಯುವ ಅಣ್ಣ ನೆರವಿಗೆ ಹಿಡಿದ ತಮ್ಮ. ಎರಡರಲ್ಲಿ ಯಾವುದು ಎಂದು ಹೇಳಬೇಕಾದವಳು ನಾನು, ಆ ಮಾತು ಹೊರಟದ್ದು ನನ್ನ ಬಾಯಿಂದ, ನನ್ನ ಕಿವಿಗೇ ಅದು ಬಿದ್ದಿಲ್ಲ.

ಮೂರನೆಯ ಏಟು ಕುತ್ತಿಗೆಗೆ ಗುರಿಯಿತ್ತು. ನಾನು ಹಾರಿ ನೀಲವ್ವನ ಕಾಲು ಹಿಡಿದು ಎಳೆದೆ. ಹುಡುಗಿಯರಿಗೆ ಕಲಿಸುವ ಪಟ್ಟು ಅದು. ಆಕೆ ಮುಖ ಅಡಿಯಾಗಿ ಬಿದ್ದಳು, ಹಲ್ಲು ನೆಲಕ್ಕೆ ತಾಗಿದ ಸದ್ದು ಕೇಳಿಸಿತು. ಬೆನ್ನ ಮೇಲೆ ಕೂತು, ಹಿಂದಿನ ದಿನ ನನಗೆ ರೊಟ್ಟಿ ಬಡಿದು ಹಾಕಿದ ಕೈಯನ್ನು ತಿರುಚಿ ಕುಡಗೋಲು ಬಿಡಿಸಿದೆ. ಆಕೆ ನನ್ನ ಮುಂಗೈ ಕಚ್ಚಿದಳು. ನಾನು ಬಿಡಲಿಲ್ಲ. ಅರವತ್ತು ದಾಟಿದ ಆ ಮುದುಕಿಯಲ್ಲಿ ಎಂಥ ಕಸುವು. ಬಾಯಿ ತುಂಬ ರಕ್ತ ಇಟ್ಟುಕೊಂಡು ಮಗನಿಗೆ ನಿನ್ನ ಹೆಣಾ ಎತ್ಲಿ, ನಿನ್ನ ಹೆಣಾ ಎತ್ಲಿ ಎಂದು ಕೂಗುತ್ತಿದ್ದಳು. ಆ ಸಲ ಅದರಲ್ಲಿ ಪ್ರೀತಿ ಇರಲಿಲ್ಲ.

ಅಕ್ಕಪಕ್ಕದವರು ಓಡಿಬಂದು ಆಕೆಯನ್ನು ಹಿಡಿದುಕೊಂಡರು. ಹುಸೇನಸಾಬ ಗಾಡಿಯಲ್ಲಿದ್ದ ಹತ್ತಿ ಮೂಟೆಗಳನ್ನು ಬೀದಿಗೆ ಒಗೆದು ಜಾಗ ಮಾಡಿದ. ನಾನು ಶೇಖಪ್ಪನ ತೋಳಿಗೆ ಟವೆಲ್ ಬಿಗಿದು, ಮಣಿಕಟ್ಟಿನ ಮೇಲೆ ಬಟ್ಟೆ ಒತ್ತಿ ಹಿಡಿದು ಹಿಂದೆ ಕೂತೆ. ಗಾಯದ ಸುತ್ತಲೂ ನನ್ನ ಕಾಲಿಗೆಂದು ತಂದ ಬರ್ಫವನ್ನೇ ಇಟ್ಟೆ. ಆ ಮಣಿಕಟ್ಟು 'ಅದೇ' ಎಂದು ಹಿಡಿದ ಕೂಡಲೇ ನನಗೆ ಅನಿಸಿತು. ಹೊಲದಲ್ಲಿ ದುಡಿಯುವ ಎಲ್ಲರ ಮಣಿಕಟ್ಟೂ ಹಾಗೇ ಇರುತ್ತದೆ, ನಾನು ಹಟ ಹಿಡಿಯುವುದಿಲ್ಲ. ಗಜೇಂದ್ರಗಡ ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುವುದು ಕಾಣುತ್ತಿತ್ತು. ದಾರಿ ಮುಗಿಯುತ್ತಲೇ ಇರಲಿಲ್ಲ.

ಶೇಖಪ್ಪ ಬದುಕಿದ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿತು ಎಂದು ಡಾಕ್ಟರಿಗೆ ತಾನೇ ಹೇಳಿದ. ಯಂತ್ರ ಭುಜಕ್ಕೆ ಹೇಗೆ ಸಿಕ್ಕಿತಪ್ಪಾ ಎಂದು ಅವರು ಕೇಳಿದರೂ ಅದನ್ನೇ ಹೇಳಿದ. ಎರಡು ಬೆರಳು ಮಡಚಲು ಬರುವುದಿಲ್ಲ, ಉಳಿದಂತೆ ಕೈ ಉಳಿಯಿತು. ನೀಲವ್ವ ಅದೇ ಸಂಜೆ ಆ ಗಾದಿಯನ್ನು ತಾನೇ ಹೊತ್ತು ಹಳ್ಳಕ್ಕೆ ಹಾಕಿ ಬೆಂಕಿ ಕೊಟ್ಟಳಂತೆ. ಸೊಸೆ, ಕೂಸಿನ ಜೊತೆ ತಾಯಿ ಮಗ ಈಗಲೂ ಅದೇ ಮನೆಯಲ್ಲಿದ್ದಾರೆ. ಆಕೆ ರೊಟ್ಟಿ ಮಾಡಿ ಇಡುತ್ತಾಳೆ, ಅವನು ಉಣ್ಣುತ್ತಾನೆ. ಮಾತಿಲ್ಲ. ನಾನು ವಿಜಯಪುರ ಮುಟ್ಟಲಿಲ್ಲ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಊರಿಗೆ ಬಂದೆ.

ನನಗೆ ಗೊತ್ತಿರುವ ಡಾಕ್ಟರೊಬ್ಬರು, ನಿದ್ದೆಯಲ್ಲಿ ಮೈ ಕಟ್ಟಿದಂತಾಗಿ ಎದೆಯ ಮೇಲೆ ಯಾರೋ ಕೂತಂತೆ ಆಗುವುದುಂಟು, ಜ್ವರ ಬೇರೆ ಇತ್ತು, ಹಿಂದಿನ ಸಂಜೆ ದಮ್ಮಿನ ಕಥೆ ಕೇಳಿದ್ದಿರಿ, ದಾರಿಯುದ್ದಕ್ಕೂ ಆ ಭಾಷೆ ಕಿವಿಗೆ ಬಿದ್ದಿತ್ತು ಎಂದರು. ಎಲ್ಲಾ ಒಪ್ಪಿದೆ. ಶೇಕ್ಯಾ ಎಂಬ ಹೆಸರು ಎಲ್ಲಿಂದ ಬಂತು ಎಂದು ಕೇಳಿದೆ. ಯಾರಾದರೂ ಅಂದಿರುತ್ತಾರೆ, ನಿಮಗೆ ನೆನಪಿಲ್ಲ ಎಂದರು. ಇರಬಹುದು. ನಾನು ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ, ಅವರಿಗಿಂತ ಜೋರಾಗಿ.

ನೀಲವ್ವ ಆಗಾಗ ಫೋನ್ ಮಾಡುತ್ತಾಳೆ. ಕಾಲು ಹೇಗಿದೆ, ಊಟ ಆಯಿತೇ, ಮತ್ತೆ ಯಾವಾಗ ಬರುತ್ತೀ ಎಂದು ಎಲ್ಲ ಕೇಳಿ ಮುಗಿಸುತ್ತಾಳೆ. ಆಮೇಲೆ ಕೇಳುತ್ತಾಳೆ, "ಖರೇ ಹೇಳ ಯವ್ವಾ, ಬಿಡೋ ಅಂದ್ಯೋ, ಬಿಡಬ್ಯಾಡೋ ಅಂದ್ಯೋ?" ನನಗೆ ನೆನಪಿಲ್ಲ ಅವ್ವಾ ಎನ್ನುತ್ತೇನೆ. ಆಕೆ ಫೋನ್ ಇಡುತ್ತಾಳೆ.

ಆ ತಾಯಿಗೆ ಹೇಳದ, ಹುಸೇನಸಾಬನಿಗೂ ಹೇಳದ ಒಂದು ವಿಷಯವಿದೆ. ಗಾಡಿಯಲ್ಲಿ ಹೋಗುವಾಗ ಶೇಖಪ್ಪನಿಗೆ ಕಣ್ಣು ಮುಚ್ಚಿಕೊಂಡು ಬರುತ್ತಿತ್ತು. ನಿದ್ದೆ ಹೋಗಬೇಡ, ಮಾತಾಡು ಎಂದು ಕೆನ್ನೆಗೆ ಬಡಿಯುತ್ತಿದ್ದೆ. ಅವನು ತಾಯಿಯ ಬಗ್ಗೆ ಕೇಳಲಿಲ್ಲ, ಕೈ ಉಳಿಯುತ್ತದೆಯೇ ಎಂದೂ ಕೇಳಲಿಲ್ಲ. ಹುಸೇನಸಾಬನ ಕೂಗಿನಿಂದಲೇ ನಡೆದದ್ದು ಹೊಳೆದಿತ್ತೋ ಏನೋ, ಅವನು ಕೇಳಿದ್ದು ಇದು.

"ಅಕ್ಕಾರ, ನಮ್ಮಣ್ಣ ಏನಂದಾ?"

ನನಗೆ ತಿಳಿದಿರಲಿಲ್ಲ. ಆದರೆ ರಕ್ತ ಸೋರುತ್ತಿರುವ ಮನುಷ್ಯನಿಗೆ ತಿಳಿಯದು ಎಂದು ಹೇಳಲು ನನ್ನಿಂದಾಗಲಿಲ್ಲ. ಎರಡು ಮಾತಿನಲ್ಲಿ ಅವನನ್ನು ಬದುಕಿಸುವ ಮಾತು ಯಾವುದೆಂದು ನನಗೆ ಅನಿಸಿತೋ ಅದನ್ನೇ ಹೇಳಿದೆ. ಕೈ ಬಿಡಬೇಡ ಅಂದ ಎಂದೆ.

ಅವನಿಗೆ ಸಮಾಧಾನ ಆಗುತ್ತದೆ ಎಂದುಕೊಂಡಿದ್ದೆ. ಅವನು ಮುಖ ತಿರುಗಿಸಿ, ಹಸುಗೂಸಿನಂತೆ ಬಿಕ್ಕಿ ಬಿಕ್ಕಿ ಅತ್ತ.

"ಹೌದ್ರಿ. ಹಂಗ ಅಂದಿದ್ದಾ. ಆದ್ರೂ ನಾ ಬಿಟ್ಟೆ."